ಡೀಸೆಲ್ ಸೋರಿದ ಬಾವಿಯನ್ನು ಕಾಯುವ ಬಗೆ

ನಮ್ಮ ಪಂಪ್‌ಶೆಡ್ಡಿನಲ್ಲಿದ್ದ ಡೀಸೆಲ್ ಬ್ಯಾರಲ್ಲಿನ ತಳ ತುಕ್ಕು ಹಿಡಿದು ತೂತಾಗಿತ್ತು. ಅದು ಗೊತ್ತಾದದ್ದು ಬಾವಿಯಿಂದ ಸೇದಿದ ಕೊಡಪಾನದ ನೀರು ನಾರಿದಾಗ. ಶೆಡ್ಡಿಗೂ ಬಾವಿಗೂ 18 ಮೀಟರ್ ಅಂತರ. ಸೋರಿದ್ದು ಸುಮಾರು 60 ಲೀಟರ್. ಶಿರಸಿ ಕಡೆಯ ಅಡಿಕೆ ಬೆಳೆಗಾರನಾದ ನಾನು ಆರು ವರ್ಷ ಆ ಬಾವಿಯ ಲೆಕ್ಕ ಇಟ್ಟಿದ್ದೇನೆ. ಇಂಥದ್ದೇ ಕಷ್ಟ ಬಂದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಜೀವದ ಮಾತು. ಹಳೆಯ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ಗಾಳಿ ನೋಡುವುದು ಹಳ್ಳಿಗಳಲ್ಲಿ ರೂಢಿ. ಎಣ್ಣೆ ಸೇರಿದ ಬಾವಿಗೆ ದೀಪ ಇಳಿಸಲೇಬೇಡಿ, ಆವಿಗೆ ಬೆಂಕಿ ಹತ್ತಬಹುದು. ನೀವೂ ಇಳಿಯಬೇಡಿ, ಒಳಗೆ ಆಮ್ಲಜನಕ ಇಲ್ಲದಿರಬಹುದು. ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬೇಡಿ. ಕುದಿಸಿದರೆ ಅದು ಶುದ್ಧವಾಗುವುದಿಲ್ಲ. ಪಕ್ಕದ ಮನೆಯವರಿಗೆ ಅಂದೇ ತಿಳಿಸಿ. ನಾನು ಮೂರು ದಿನ ತಡ ಮಾಡಿದೆ. ಆ ಮನೆಯ ಅಕ್ಕ ಅಷ್ಟು ದಿನವೂ ಮಕ್ಕಳಿಗೆ ತಮ್ಮ ಬಾವಿಯ ನೀರನ್ನೇ ಕೊಟ್ಟಿದ್ದರು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ.

ಆಮೇಲೆ ಮೂಲವನ್ನು ತೆಗೆಯಬೇಕು. ನೀರಿನ ಮೇಲೆ ತೇಲುವ ಎಣ್ಣೆಯನ್ನು ಹಗ್ಗಕ್ಕೆ ಕಟ್ಟಿದ ಎಣ್ಣೆ ಹೀರುವ ಪ್ಯಾಡ್‌ಗಳಿಂದ ಮೇಲಿನಿಂದಲೇ ತೆಗೆಯಿರಿ. ಅದನ್ನು ಬಿಟ್ಟರೆ ಮಳೆಗಾಲದುದ್ದಕ್ಕೂ ಕರಗುತ್ತಲೇ ಇರುತ್ತದೆ. ನೆನೆದ ಪ್ಯಾಡ್‌ಗಳನ್ನು ಸುಡಬೇಡಿ, ಹಳ್ಳಕ್ಕೂ ಎಸೆಯಬೇಡಿ. ಎಲ್ಲಿಗೆ ಕಳುಹಿಸಬೇಕೆಂದು ಮಂಡಳಿಯನ್ನೇ ಕೇಳಿ. ಡೀಸೆಲ್ ನೆನೆದ ಮಣ್ಣನ್ನು ಅಗೆದು, ದಪ್ಪ ತಾಡಪಾಲಿನ ಮೇಲೆ ಒಂದು ಮೀಟರ್ ಮೀರದಂತೆ ಗುಡ್ಡೆ ಹಾಕಿ, ಮೇಲೆ ಮಾಡು ಕಟ್ಟಿದೆವು.

ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ನಮ್ಮ ಮಣ್ಣಿನಲ್ಲೇ ಇವೆ, ಹೊರಗಿನಿಂದ ಕೊಳ್ಳಬೇಕಾಗಿಲ್ಲ. ಎಣ್ಣೆಯಿಂದ ಅವುಗಳಿಗೆ ಇಂಗಾಲ ಬೇಕಾದಷ್ಟು ಸಿಗುತ್ತದೆ, ಸಾರಜನಕ ಮತ್ತು ರಂಜಕ ಸಿಗುವುದಿಲ್ಲ. 100 ಭಾಗ ಇಂಗಾಲಕ್ಕೆ 10 ಭಾಗ ಸಾರಜನಕ, 1 ಭಾಗ ರಂಜಕ ಎಂಬುದು ಬಳಕೆಯ ಲೆಕ್ಕ. ನಮ್ಮ ಗುಡ್ಡೆಯಲ್ಲಿ 30 ಲೀಟರ್ ಡೀಸೆಲ್ ಇದ್ದೀತೆಂದು ಅಂದಾಜಿಸಿ ನಾಲ್ಕೂವರೆ ಕೆ.ಜಿ. ಯೂರಿಯಾವನ್ನು ನಾಲ್ಕು ಕಂತಿನಲ್ಲಿ ಕೊಟ್ಟೆ. ಒಂದೇ ಸಲ ಸುರಿದರೆ ಜೀವಿಗಳಿಗೇ ವಿಷ. ಹಳೆಯ ಸಗಣಿ ಗೊಬ್ಬರ, ಒಣ ದರಕು ಬೆರೆಸಿ, ಹಿಂಡಿದರೆ ಉಂಡೆಯಾಗುವ ಆದರೆ ನೀರು ಜಿನುಗದ ಹದದಲ್ಲಿ ತೇವ ಕಾಪಾಡಿ, ಹದಿನೈದು ದಿನಕ್ಕೊಮ್ಮೆ ಗುದ್ದಲಿಯಲ್ಲಿ ತಿರುವಿದೆವು. ತಿರುವುವುದು ಗಾಳಿ ಆಡಲಿ ಎಂದು.

ನೆಲದಡಿಯ ನೀರಿಗೆ ಹೀಗೆ ಗಾಳಿ ಕೊಡಲಾಗದು, ಅದಕ್ಕೇ ಅಲ್ಲಿ ಕೆಲಸ ನಿಧಾನ. ಒಂದು ಗ್ರಾಂ ಎಣ್ಣೆ ಪೂರ್ತಿ ಜೀರ್ಣವಾಗಲು ಮೂರು ಗ್ರಾಂಗಿಂತ ಹೆಚ್ಚು ಆಮ್ಲಜನಕ ಬೇಕು. ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ. ಒಂದು ಕೆ.ಜಿ. ಡೀಸೆಲ್ಲಿಗೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರಿನ ಆಮ್ಲಜನಕ ಬೇಕಾಯಿತು! ಆಮ್ಲಜನಕ ಮುಗಿದ ಮೇಲೆ ಬೇರೆ ಜೀವಿಗಳು ನೈಟ್ರೇಟ್, ಮಣ್ಣಿನ ಕಬ್ಬಿಣ, ಸಲ್ಫೇಟ್ ಇವುಗಳನ್ನು ಬಳಸಿ ಉಸಿರಾಡುತ್ತವೆ. ಕೊನೆಗೆ ಮೀಥೇನ್ ಹುಟ್ಟುತ್ತದೆ. ಅಮೆರಿಕದ ಮಿನ್ನೆಸೋಟಾದ ಬೆಮಿಜಿ ಬಳಿ 1979ರ ಆಗಸ್ಟಿನಲ್ಲಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಚೆಲ್ಲಿತು. ತೆಗೆದು ಉಳಿದದ್ದು ಸುಮಾರು 4 ಲಕ್ಷ ಲೀಟರ್. 1983ರಿಂದ ಅಲ್ಲಿನ ಭೂಸರ್ವೇಕ್ಷಣಾ ಸಂಸ್ಥೆ ಅದನ್ನು ಅಳೆಯುತ್ತ ಬಂದಿದೆ. ಜೀವಿಗಳು ತಿನ್ನುತ್ತಿರುವುದು ದಿಟ, ಆದರೆ ದಶಕಗಳು ಕಳೆದರೂ ನೆಲದಲ್ಲಿ ಎಣ್ಣೆ ಉಳಿದಿದೆ. ಮೂಲ ತೆಗೆಯದೆ ನಿಸರ್ಗದ ಮೇಲೆ ಭಾರ ಹಾಕಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ನೀರು ಯಾವ ಕಡೆ ಹರಿಯುತ್ತದೆ ಎಂದು ತಿಳಿಯಲು ಮೂರು ಬಾವಿ ಸಾಕು, ಆದರೆ ಅವು ಒಂದೇ ಸಾಲಿನಲ್ಲಿರಬಾರದು. ಗಾರೆ ಕೆಲಸದವರ ಲೆವೆಲ್ ಪೈಪಿನಿಂದ ಮೂರೂ ಬಾವಿಕಟ್ಟೆಗಳಿಗೆ ಒಂದೇ ಮಟ್ಟ ತಂದು ಗುರುತು ಹಾಕಿಸಿದೆ. ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ, ಗುಂಡು ಕಟ್ಟಿ ಇಳಿಬಿಟ್ಟರೆ ನೆನೆದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ನೀರು ಗುರುತಿನಿಂದ 9.40 ಮೀಟರ್ ಕೆಳಗೆ, 90 ಮೀಟರ್ ಆಚೆಯ ಅಕ್ಕನ ಬಾವಿಯದು 10.30, ಗುಡ್ಡದ ಕಡೆಯದು 8.75. ಹರಿವು ಅಕ್ಕನ ಮನೆಯ ಕಡೆಗೇ ಇತ್ತು. ಜಂಬಿಟ್ಟಿಗೆ ನೆಲದಲ್ಲಿ ತೂತು, ಬಿರುಕು ಹೆಚ್ಚು. ವೇಗದ ಲೆಕ್ಕವನ್ನು ನಂಬದೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಳೆಯಿರಿ.

ಮಾದರಿಯನ್ನು ಪ್ರಯೋಗಾಲಯದವರು ಕೊಟ್ಟ ಗಾಜಿನ ಬಾಟಲಿಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಅಂದೇ ಕಳುಹಿಸಿ. ಕರಗಿದ ಆಮ್ಲಜನಕವನ್ನು ಮಾತ್ರ ಬಾವಿಯ ಪಕ್ಕದಲ್ಲೇ ಅಳೆಯಬೇಕು. ಪೆಟ್ರೋಲಿಯಂ, ಬೆಂಜೀನ್ (ಎಣ್ಣೆಯಲ್ಲಿರುವ ಒಂದು ಕ್ಯಾನ್ಸರ್‌ಕಾರಕ) ಜೊತೆಗೆ ನೈಟ್ರೇಟ್, ಸಲ್ಫೇಟ್, ಕಬ್ಬಿಣವನ್ನೂ ನೋಡಲು ಹೇಳಿ. ಮಳೆಗೆ ಎಣ್ಣೆಯ ಅಂಕಿ ಇಳಿದರೆ ಹಿಗ್ಗಬೇಡಿ, ಅದು ನೀರು ಬೆರೆತು ತೆಳುವಾದದ್ದು ಇರಬಹುದು. ಮೇ ತಿಂಗಳನ್ನು ಮೇ ತಿಂಗಳಿಗೇ ಹೋಲಿಸಿ. ಗುಡ್ಡದ ಕಡೆಯ ಬಾವಿಗಿಂತ ನಿಮ್ಮದರಲ್ಲಿ ಆಮ್ಲಜನಕ, ನೈಟ್ರೇಟ್ ಕಡಿಮೆ, ಕರಗಿದ ಕಬ್ಬಿಣ ಹೆಚ್ಚು ಇದ್ದರೆ ಜೀವಿಗಳು ತಿನ್ನುತ್ತಿವೆ ಎಂದರ್ಥ. ಎರಡನೆಯ ವರ್ಷ ನಮ್ಮ ಬಾವಿಯಿಂದ ತೆಗೆದ ತಿಳಿನೀರು ಗ್ಲಾಸಿನಲ್ಲಿ ಅರ್ಧ ಗಂಟೆಗೆ ಕಂದುಬಣ್ಣಕ್ಕೆ ತಿರುಗಿ, ತಳದಲ್ಲಿ ತುಕ್ಕಿನ ಗಸಿ ಕೂತಿತು. ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕಲಕಿ: ಚೂರುಚೂರಾಗಿ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾ, ಮತ್ತೆ ಕೂಡಿಕೊಂಡರೆ ಎಣ್ಣೆ.

ಜೀವಿಗಳು ತಿಂದು ಮುಗಿಸಲಿ ಎಂದು ಹೀಗೆ ಅಳೆಯುತ್ತ ಕಾಯುವುದು ಎಲ್ಲ ವಿಷಕ್ಕೂ ಒಗ್ಗುವುದಿಲ್ಲ. ಸೀಸ, ಕ್ರೋಮಿಯಂ, ಆರ್ಸೆನಿಕ್ ಧಾತುಗಳು. ಅವು ರೂಪ ಬದಲಿಸಬಹುದು, ಮಣ್ಣಿಗೆ ಅಂಟಬಹುದು, ಒಡೆಯುವುದಿಲ್ಲ. ಲೋಹ ತೊಳೆಯುವ ಕೆಲವು ಕ್ಲೋರಿನ್ ದ್ರಾವಕಗಳು ಒಡೆಯುವ ದಾರಿಯಲ್ಲಿ ವಿನೈಲ್ ಕ್ಲೋರೈಡ್ ಎಂಬ ಕ್ಯಾನ್ಸರ್‌ಕಾರಕವಾಗುತ್ತವೆ. ಅಂಥಲ್ಲಿ ತಜ್ಞರೇ ಬೇಕು.

ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆ ಮಿತಿಯೊಳಗೆ ಬಂತೆಂದು ತಕ್ಷಣ ಕೊಡ ಇಳಿಸಬೇಡಿ. ಎಣ್ಣೆ, ಬೆಂಜೀನ್ ಎರಡೂ ಸತತ ಎರಡು ಬೇಸಿಗೆ ಪ್ರಯೋಗಾಲಯಕ್ಕೆ ಸಿಗದಷ್ಟು ಕಡಿಮೆಯಾಗಬೇಕು ಎಂಬುದು ನಾನು ಹಾಕಿಕೊಂಡ ನಿಯಮ. ಅಕ್ಕನ ಬಾವಿ ಎರಡು ವರ್ಷದ ಹಿಂದೆ ಈ ನಿಯಮದಲ್ಲಿ ತೇರ್ಗಡೆಯಾಯಿತು. ನಮ್ಮದಕ್ಕೆ ಕಳೆದ ಮೇ ತಿಂಗಳಿನದು ಮೊದಲ ಬೇಸಿಗೆ. ಮುಂದಿನ ಮೇವರೆಗೆ ಕುಡಿಯುವ ನೀರನ್ನು ಅವರ ಬಾವಿಯಿಂದಲೇ ತರುತ್ತೇವೆ.