ಸುತ್ತಿಗೆ ಹಿಡಿದ ಲೂಥರ್, ಮತ್ತು ನಾನು ಬರೆದ ತಪ್ಪು ಚೀಟಿ

ಹಳೆಯ ಚಿತ್ರಗಳ ಅಚ್ಚುಪ್ರತಿ ಕೂಡಿಹಾಕಿ ಸಣ್ಣ ಪ್ರದರ್ಶನ ಮಾಡುವುದು ನನ್ನ ಕೆಲಸ. ಒಮ್ಮೆ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್ ಊರಿನ ಚರ್ಚಿನ ಬಾಗಿಲಿಗೆ ತನ್ನ 95 ವಾದಗಳ ಹಾಳೆಯನ್ನು ಮೊಳೆ ಹೊಡೆದು ಹಚ್ಚುವ ಚಿತ್ರ ಹಾಕಿದ್ದೆ. ಚರ್ಚು ಹಣಕ್ಕೆ ಪಾಪಕ್ಷಮೆಯ ಪತ್ರ ಮಾರುವುದನ್ನು ಪ್ರಶ್ನಿಸಿದ ಆ ಬರಹದಿಂದಲೇ ಕ್ಯಾಥೊಲಿಕ್ ಚರ್ಚು ಒಡೆದು ಪ್ರೊಟೆಸ್ಟೆಂಟ್ ಪಂಥ ಶುರುವಾಯಿತು ಅನ್ನುತ್ತಾರೆ. ಕೆಳಗಿನ ಚೀಟಿಯಲ್ಲಿ ಸುಮ್ನೆ "ವಿಟೆನ್‌ಬರ್ಗ್, 1517" ಅಂತ ಬರೆದೆ. ನೋಡಲು ಬಂದ ಒಬ್ಬರು, "ಆವತ್ತು ಯಾರು ಪಕ್ಕದಲ್ಲಿ ಕೂತು ಬಿಡಿಸಿದ್ರು ಇದನ್ನ?" ಅಂದರು. ನಾನು ತಬ್ಬಿಬ್ಬು.

ಚಿತ್ರ ಬೆಲ್ಜಿಯಂನ ಫರ್ಡಿನಾಂಡ್ ಪಾವೆಲ್ಸ್ ಅವರದು, 1872ರದು. 355 ವರ್ಷ ಕಳೆದಿತ್ತು! ಆಗ ಆ ಮರದ ಬಾಗಿಲೂ ಇರಲಿಲ್ಲ, 1760ರಲ್ಲಿ ಯುದ್ಧದ ಬೆಂಕಿಗೆ ಹೋಗಿತ್ತು, 1858ರಲ್ಲಿ ಅಲ್ಲಿ ಕಂಚಿನ ಬಾಗಿಲು ಬಂದಿತ್ತು. ಇನ್ನೂ ಒಂದಿದೆ. 1517ರ ಅಕ್ಟೋಬರ್ 31ರಂದು ಲೂಥರ್ ಮೈನ್ಸ್‌ನ ಆರ್ಚ್‌ಬಿಷಪ್‌ಗೆ ಆ ವಾದಗಳನ್ನು ಜೊತೆಗಿಟ್ಟು ಪತ್ರ ಬರೆದದ್ದು ಖಚಿತ, ಆದರೆ ಬಾಗಿಲಿಗೆ ಮೊಳೆ ಹೊಡೆದೆ ಅಂತ ಆತ ಎಲ್ಲೂ ಹೇಳಿಕೊಂಡಿಲ್ಲ. 1546ರಲ್ಲಿ, ಲೂಥರ್ ತೀರಿಕೊಂಡ ಮೇಲೆ, ಬಾಗಿಲಿನ ಕಥೆ ಬರೆದ ಅವನ ಸಂಗಡಿಗ ಮೆಲಾಂಕ್ಟನ್ ಆ ಊರಿಗೆ ಬಂದದ್ದೇ 1518ರಲ್ಲಿ. 1961ರಲ್ಲಿ ಕ್ಯಾಥೊಲಿಕ್ ಇತಿಹಾಸಕಾರ ಎರ್ವಿನ್ ಇಸರ್ಲೋ ಅದು ನಡೆದೇ ಇಲ್ಲ ಅಂದರು. ಆ ಜಗಳ ಇನ್ನೂ ಮುಗಿದಿಲ್ಲ.

ಮುಂದಿನ ಸಲ ನಾನು ಬೇರೆ ದಾರಿ ಹಿಡಿದೆ. ಒಳಗೆ ಬರುವ ಮೊದಲೇ ಎಲ್ಲರ ಕೈಗೆ ಖಾಲಿ ಹಾಳೆ ಕೊಟ್ಟು, ಆ ದಿನ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ಬಿಡಿಸಿ ಅಂದೆ. ಬಂದದ್ದೆಲ್ಲ ಬಾಗಿಲು, ಸುತ್ತಿಗೆ. ಪತ್ರ ಬರೆಯುವ ಲೂಥರ್ ಒಂದರಲ್ಲೂ ಇಲ್ಲ. ಚರ್ಚಿಗೆ ಹೋಗುವವರು, ಹೋಗದವರು, ಎಲ್ಲರದೂ ಒಂದೇ ಚಿತ್ರ, ಅರ್ಥ ಮಾತ್ರ ಬೇರೆ. ಒಬ್ಬರಿಗೆ ಅದು "ನಾವು ಹುಟ್ಟಿದ ದಿನ", ಇನ್ನೊಬ್ಬರಿಗೆ ಚರ್ಚು ಒಡೆದ ದಿನ.

ಆಮೇಲೆ ಪ್ರತಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಮೂಲದಲ್ಲಿ ಸುತ್ತಲೂ ಜನ ಇದ್ದಾರೆ. ಪುಟದಲ್ಲಿ ಜಾಗ ಸಾಲದೆ ಅಚ್ಚಿನವರು ಜನರನ್ನು ಕತ್ತರಿಸಿದರೆ ಉಳಿಯುವುದು ಒಬ್ಬ ಸನ್ಯಾಸಿ, ಒಂದು ಸುತ್ತಿಗೆ. ಲ್ಯಾಟಿನ್‌ನಲ್ಲಿದ್ದ ಆ ಬರಹ ವಿದ್ವಾಂಸರನ್ನು ಚರ್ಚೆಗೆ ಕರೆದದ್ದು, ಕತ್ತರಿಸಿದ ಪ್ರತಿಯಲ್ಲಿ ಅದು ಸವಾಲಿನ ಹಾಗೆ ಕಾಣುತ್ತದೆ, ಅಲ್ವಾ? ನನಗಂತೂ ಕುಂಚಕ್ಕಿಂತ ಕತ್ತರಿಯೇ ಜಾಸ್ತಿ ಕೆಲಸ ಮಾಡಿದೆ ಅನ್ನಿಸಿತು.

ಈಗ ಚೀಟಿಯಲ್ಲಿ ಎರಡು ಇಸವಿ ಬರೆಯುತ್ತೇನೆ: ನಡೆಯಿತು ಅನ್ನುವುದು 1517, ಬಿಡಿಸಿದ್ದು 1872. ಪಕ್ಕದಲ್ಲಿ ಆ ಪತ್ರದ ಅನುವಾದವನ್ನೂ ತೂಗುಹಾಕಿದ್ದೇನೆ. ಜನ ಸುತ್ತಿಗೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.