ಮೈಕ್ರೋಸ್ಕೋಪ್ ಫೋಟೋದಲ್ಲಿರೋ ಸೆಲ್‌ಗಳನ್ನ ಕಂಪ್ಯೂಟರ್ ಕೈಲಿ ಎಣಿಸೋದು ಹೇಗೆ?

ಒಂದು ಫೋಟೋದಲ್ಲಿ ಮುನ್ನೂರು ಸೆಲ್ ಇದ್ರೆ ಕಣ್ಣಲ್ಲೇ ಎಣಿಸಬಹುದು, ಅಂಥ ಫೋಟೋ ಎಂಬತ್ತು ಇದ್ರೆ ಏನ್ಮಾಡ್ತೀರಿ? ಬೆಳಿಗ್ಗೆ ಎಣಿಸಿದ್ದು ಸಂಜೆಗೆ ತಾಳೆ ಆಗಲ್ಲ. ಇದಕ್ಕೆ ಫಿಜಿ ಅನ್ನೋ ಸಾಫ್ಟ್‌ವೇರ್ ಇದೆ, ಪೂರ್ತಿ ಫ್ರೀ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಶುರು ಮಾಡಿದ ಇಮೇಜ್‌ಜೆ ಅನ್ನೋ ಫೋಟೋ ಅಳೆಯೋ ಸಾಫ್ಟ್‌ವೇರ್‌ಗೆ ಬೇಕಾದ ಪ್ಲಗಿನ್ (ಹೆಚ್ಚುವರಿ ಟೂಲ್) ಎಲ್ಲಾ ಸೇರಿಸಿ ಕೊಟ್ಟಿರೋದೇ ಇದು.

ಹೊಸಬರು ಡಾಪಿ ಅನ್ನೋ ಬಣ್ಣ ಹಾಕಿದ ಸೆಲ್‌ಗಳ ಫೋಟೋದಿಂದ ಶುರು ಮಾಡಿ. ಡಾಪಿ ಡಿಎನ್‌ಎಗೆ ಅಂಟಿಕೊಂಡು ನೀಲಿಯಾಗಿ ಹೊಳೆಯುತ್ತೆ, ಹಾಗಾಗಿ ನ್ಯೂಕ್ಲಿಯಸ್ (ಸೆಲ್ ಒಳಗೆ ಡಿಎನ್‌ಎ ಇರೋ ಭಾಗ) ಎಣಿಸಿದ್ರೆ ಹೆಚ್ಚುಕಮ್ಮಿ ಸೆಲ್ ಎಣಿಸಿದ ಹಾಗೇ.

ಫೈಲ್ ಮೈಕ್ರೋಸ್ಕೋಪ್‌ನಿಂದ ಬಂದ ಒರಿಜಿನಲ್ಲೇ ಆಗಿರಲಿ, ಇಲ್ಲಾ ಟಿಫ್ ಇರಲಿ. ದಯವಿಟ್ಟು ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಬೇಡ, ಕಂಪ್ರೆಸ್ ಆಗೋವಾಗ ಪಿಕ್ಸೆಲ್ ಬೆಲೆಗಳೇ ಬದಲಾಗಿರುತ್ತೆ. ಓಪನ್ ಮಾಡಿ 8-ಬಿಟ್‌ಗೆ (ಅಂದ್ರೆ 256 ಹಂತದ ಬೂದು ಬಣ್ಣಕ್ಕೆ) ಬದಲಾಯಿಸಿ, ಅನಲೈಸ್ ಮೆನುವಿನಲ್ಲಿ ಸೆಟ್ ಸ್ಕೇಲ್‌ಗೆ ಹೋಗಿ ಒಂದು ಮೈಕ್ರಾನ್‌ಗೆ ಎಷ್ಟು ಪಿಕ್ಸೆಲ್ ಅಂತ ಕೊಡಿ. ಒಂದು ಕಡೆ ಬೆಳಕು ಜಾಸ್ತಿ ಬಿದ್ದಿದ್ರೆ ಹಿನ್ನೆಲೆ ಸಮ ಮಾಡೋಕೆ ಸಬ್‌ಟ್ರ್ಯಾಕ್ಟ್ ಬ್ಯಾಕ್‌ಗ್ರೌಂಡ್ ಬಳಸಿ.

ಈಗ ಥ್ರೆಶೋಲ್ಡ್, ನಿಜವಾದ ಕೆಲಸ ಇಲ್ಲೇ. ಎಷ್ಟು ಹೊಳಪಿದ್ರೆ ಸೆಲ್, ಎಷ್ಟಕ್ಕಿಂತ ಕಮ್ಮಿ ಇದ್ರೆ ಬರೀ ಹಿನ್ನೆಲೆ ಅಂತ ಗೆರೆ ಎಳೆಯೋದು. ಲಿಸ್ಟ್‌ನಲ್ಲಿ ಓಟ್ಸು ಇರುತ್ತೆ, 1979ರಿಂದ ಬಳಕೆಯಲ್ಲಿರೋ ಲೆಕ್ಕ, ಸೆಲ್‌ನ ಪಿಕ್ಸೆಲ್, ಹಿನ್ನೆಲೆಯ ಪಿಕ್ಸೆಲ್ ಅನ್ನೋ ಎರಡು ಗುಂಪು ಆದಷ್ಟೂ ಬೇರೆಯಾಗಿ ನಿಲ್ಲೋ ಜಾಗ ತಾನೇ ಹುಡುಕುತ್ತೆ. ಯಾವ ಮೆಥಡ್ ಆರಿಸಿದ್ರೂ ಎಂಬತ್ತು ಫೋಟೋಗೂ ಅದೇ ಇರಲಿ. ಒಂದೊಂದು ಫೋಟೋಗೆ ಒಂದೊಂದು ಥರ ಕೈಯಲ್ಲಿ ಸ್ಲೈಡರ್ ಎಳೀತಾ ಹೋದ್ರೆ ಗೊತ್ತಿಲ್ಲದೇ ನಮಗೆ ಬೇಕಾದ ಉತ್ತರದ ಕಡೆಗೇ ಎಳೀತೀವಿ, ಇದು ಮೋಸ ಅಂತ ನಮಗೇ ಅನ್ಸೋದೂ ಇಲ್ಲ.

ಅಂಟಿಕೊಂಡಿರೋ ನ್ಯೂಕ್ಲಿಯಸ್‌ಗಳನ್ನ ಬೇರೆ ಮಾಡೋಕೆ ಬೈನರಿ ಮೆನುವಿನಲ್ಲಿ ವಾಟರ್‌ಶೆಡ್ ಇದೆ. ದುಂಡಗಿದ್ರೆ ಚೆನ್ನಾಗಿ ಕತ್ತರಿಸುತ್ತೆ, ಹುರುಳಿಕಾಯಿ ಥರ ಉದ್ದಕ್ಕಿದ್ರೆ ಒಂದನ್ನೇ ಎರಡು ಮಾಡಿಬಿಡುತ್ತೆ, ನೋಡ್ಕೊಳ್ಳಿ.

ಕೊನೆಗೆ ಅನಲೈಸ್ ಪಾರ್ಟಿಕಲ್ಸ್. ಧೂಳಿನ ಚುಕ್ಕೆ ಲೆಕ್ಕಕ್ಕೆ ಬರದ ಹಾಗೆ ಕನಿಷ್ಠ ಸೈಜ್ ಕೊಡಿ, ಅಂಚಲ್ಲಿ ಅರ್ಧ ಕತ್ತರಿಸಿಹೋದವನ್ನ ಬಿಡೋ ಆಪ್ಷನ್ ಟಿಕ್ ಮಾಡಿ, ಓಕೆ ಒತ್ತಿ. ಎಷ್ಟು ಸೆಲ್, ಒಂದೊಂದರ ಏರಿಯಾ ಎಷ್ಟು ಅಂತ ಟೇಬಲ್ ಬರುತ್ತೆ.

ಅದನ್ನ ತಕ್ಷಣ ಎಕ್ಸೆಲ್‌ಗೆ ಹಾಕ್ಬೇಡಿ. ಯಾವುದಾದ್ರೂ ಐದು ಫೋಟೋ ತಗೊಂಡು ನೀವೇ ಕೂತು ಎಣಿಸಿ, ಹೋಲಿಸಿ. ತಾಳೆ ಆದ್ರೆ ಇದೇ ಸ್ಟೆಪ್‌ಗಳನ್ನ ಮ್ಯಾಕ್ರೋ (ತಾನೇ ಮತ್ತೆ ಮತ್ತೆ ಓಡೋ ಕಮಾಂಡ್‌ಗಳ ಪಟ್ಟಿ) ಆಗಿ ರೆಕಾರ್ಡ್ ಮಾಡಿ ಉಳಿದವಕ್ಕೆ ಓಡಿಸಿ. ಆಗ್ಲಿಲ್ಲ, ಸೆಲ್‌ಗಳು ತೀರಾ ಒತ್ತೊತ್ತಾಗಿವೆ ಅಂದ್ರೆ ಸೆಲ್‌ಪೋಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಟ್ರೈ ಮಾಡಿ, ಅದು ಡೀಪ್ ಲರ್ನಿಂಗ್‌ನಲ್ಲಿ ಒಂದೊಂದು ಸೆಲ್‌ನ ಗಡಿ ಗುರುತಿಸುತ್ತೆ, ಆದ್ರೆ ಅಲ್ಲೂ ಆ ಐದು ಫೋಟೋ ಎಣಿಸೋ ಕೆಲಸ ತಪ್ಪಲ್ಲ.