ತಗಡಿನ ಶೆಡ್ಡಿನಲ್ಲಿ ಕಳ್ಳ ರೂಟರ್ ಹಿಡಿದದ್ದು: ನನ್ನ ಅನುಭವ

ಫ್ಯಾಕ್ಟರಿ ನೆಟ್‌ವರ್ಕಿಗೆ ಯಾರೋ ಕೇಳದೆ ಚುಚ್ಚಿದ ವೈಫೈ ರೂಟರನ್ನು ಗಾಳಿಯಲ್ಲಿ ಹುಡುಕುವ ಮೊದಲು ವೈರಿನಲ್ಲಿ ಹುಡುಕೋಣ ಅಂದಾಗ ವೆಂಡರ್ ಕಡೆಯವರು ನಕ್ಕುಬಿಟ್ಟರು. ಸೆನ್ಸರ್, ಕಂಟ್ರೋಲರ್, ವರ್ಷವರ್ಷದ ಲೈಸೆನ್ಸ್ ಸೇರಿ ಅವರ ಕೊಟೇಶನ್ ಎಂಟೊಂಬತ್ತು ಲಕ್ಷ ಇತ್ತು. ನನಗೆ ಖರ್ಚಾಗಿದ್ದು ಆರೇಳು ಸಾವಿರ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿಬಂದ ಪೆಟ್ರೋಲೂ ಅದರಲ್ಲೇ ಸೇರಿದೆ.

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮ ಫ್ಯಾಕ್ಟರಿ. ವೈಫೈ ಪಾಸ್‌ವರ್ಡ್ ಕೊಡದಿದ್ದರೆ ಜನ ಸುಮ್ನೆ ಇರುತ್ತಾರಾ? ಮನೆಯ ಹಳೇ ರೂಟರ್ ತಂದು ಚುಚ್ಚುತ್ತಾರೆ. ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿದವರು ಬೇಗ ಸಿಕ್ಕಿಬೀಳುತ್ತಾರೆ, ಆ ರೂಟರ್ ನೆಟ್‌ವರ್ಕಿನ ಎಲ್ಲರಿಗೂ ತನ್ನದೇ 192.168.0 ವಿಳಾಸ ಹಂಚಲು ಶುರುಮಾಡುತ್ತದೆ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ಹೀಗೆ ಕಳ್ಳತನದಲ್ಲಿ ವಿಳಾಸ ಹಂಚುವುದನ್ನು ತಡೆಯುವ ಸೌಲಭ್ಯ) ಹಾಕಿದರೆ ಅದು ಮುಗೀತು. ಬ್ರಿಡ್ಜ್ ಮಾಡಿದವರದ್ದು, ಅಂದರೆ ವಿಳಾಸ ಹಂಚದೆ ಬರೀ ವೈಫೈ ದಾಟಿಸುವವರದ್ದು, ಒಂದೇ ಪೋರ್ಟಿನಲ್ಲಿ ಏಳೆಂಟು ಮ್ಯಾಕ್ (ಪ್ರತಿ ಸಾಧನದ ಹಾರ್ಡ್‌ವೇರ್ ವಿಳಾಸ) ಕಾಣುತ್ತದೆ. ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಬರುವ ಕಡೆ) ಸರಿಯಾಗಿ ಚುಚ್ಚಿದವರೇ ತಲೆನೋವು, ಹಿಂದಿರುವ ಮೊಬೈಲುಗಳೆಲ್ಲ ಸೇರಿ ಒಂದೇ ಸಾಧನದಂತೆ ಕಾಣುತ್ತವೆ.

ಮ್ಯಾಕ್ ನೋಡಿ ಯಾವ ಕಂಪನಿಯದ್ದು ಅಂತ ಹುಡುಕಿದ್ದು ದಂಡ. ಕಂಪ್ಯೂಟರಿನ ಮ್ಯಾಕ್ ಕ್ಲೋನ್ ಮಾಡುವ ಆಯ್ಕೆ ರೂಟರಿನಲ್ಲೇ ಇರುತ್ತದಲ್ವಾ. ನೆಟ್‌ವರ್ಕ್ ಜಾಲಾಡುವ ಎನ್‌ಮ್ಯಾಪ್‌ಗೂ ಏನೂ ಸಿಗಲಿಲ್ಲ. ಸುತ್ತಲಿನ ವೈಫೈ ಪಟ್ಟಿ ಮಾಡುವ ಕಿಸ್ಮೆಟ್ ಓಡಿಸಿದರೆ ಪಕ್ಕದ ಫ್ಯಾಕ್ಟರಿ, ಲಾರಿ ಡ್ರೈವರ್‌ಗಳ ಹಾಟ್‌ಸ್ಪಾಟ್ ಸೇರಿ ನೂರಕ್ಕೂ ಜಾಸ್ತಿ ಹೆಸರು. ಅದಕ್ಕೆ ತಂದ ಯುಎಸ್‌ಬಿ ವೈಫೈ ಅಡಾಪ್ಟರಿನಲ್ಲೂ ದುಡ್ಡು ಹೋಯಿತು. ಟಿಪಿ-ಲಿಂಕ್ 722ಎನ್ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇದೆ, ಮಾನಿಟರ್ ಮೋಡ್ (ಸುತ್ತಲಿನ ಎಲ್ಲಾ ವೈಫೈ ಕೇಳಿಸಿಕೊಳ್ಳುವುದು) ಸಲೀಸು. ಎರಡನೆಯದರಿಂದ ರಿಯಲ್‌ಟೆಕ್, ಡ್ರೈವರ್‌ಗೆ ಒದ್ದಾಡಬೇಕು. ಅಂಗಡಿಯವರು ಮಾತ್ರ 'ಎಲ್ಲಾ ಒಂದೇ ಸಾರ್' ಅನ್ನುತ್ತಾರೆ.

ಕೊನೆಗೆ ಕೈ ಹಿಡಿದದ್ದು ಟಿಟಿಎಲ್, ಪ್ರತಿ ಪ್ಯಾಕೆಟ್ಟಿನಲ್ಲಿದ್ದು ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗುವ ಸಂಖ್ಯೆ. ವಿಂಡೋಸ್ 128 ಕಳಿಸುತ್ತದೆ, ಲಿನಕ್ಸ್ ಮತ್ತು ಆಂಡ್ರಾಯ್ಡ್ 64. ನಡುವೆ ರೂಟರ್ ಇದ್ದರೆ 127, 63 ಆಗುತ್ತದೆ. ಕೋರ್ (ಮುಖ್ಯ) ಸ್ವಿಚ್ಚಿಗೆ ಒಳಬರುವ ಟ್ರಾಫಿಕ್ಕಿನ ಪ್ರತಿಯನ್ನು ಹಳೇ ಲ್ಯಾಪ್‌ಟಾಪಿಗೆ ಕಳಿಸಿ (ಮಿರರ್ ಮಾಡಿ), ಅದರಲ್ಲಿ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಹಾಕಿ, ಆ ಎರಡು ಸಂಖ್ಯೆ ಮಾತ್ರ ಸೋಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕೈದು ಐಪಿ ಬಲೆಗೆ ಬಿದ್ದವು. ಒಂದು ನಮ್ಮದೇ ಟೆಸ್ಟ್ ಮಷೀನಿನ ಡಾಕರ್ (ಕಂಪ್ಯೂಟರಿನೊಳಗೇ ರೂಟರಿನಂತೆ ನೆಟ್‌ವರ್ಕ್ ಮಾಡಿಕೊಳ್ಳುವ ಸಾಫ್ಟ್‌ವೇರ್), ಅದನ್ನು ಬಿಡಿ.

ಐಪಿಯಿಂದ ಮ್ಯಾಕ್, ಮ್ಯಾಕ್‌ನಿಂದ ಸ್ವಿಚ್ಚಿನ ಪೋರ್ಟ್ ಗೊತ್ತಾಯಿತು, ರೂಟರ್ ಪೆಟ್ಟಿಗೆ ಎಲ್ಲಿದೆ? ಪ್ಯಾಚ್ ಪ್ಯಾನೆಲ್ಲಿನ (ಕೇಬಲ್‌ಗಳೆಲ್ಲ ಬಂದು ಸೇರುವ ಪಟ್ಟಿ) ಲೇಬಲ್‌ಗಳು ಎಂದೋ ಉದುರಿಹೋಗಿವೆ. ಸಿಗ್ನಲ್ ಹಿಡಿದು ನಡೆದರೆ ತಗಡು, ಕಬ್ಬಿಣದ ರ್‍ಯಾಕು ಎಲ್ಲಾ ಕಡೆಯಿಂದ ಪ್ರತಿಫಲಿಸಿ ಮೈನಸ್ 50 ಡಿಬಿಎಂ ಇದ್ದದ್ದು ಎರಡು ಹೆಜ್ಜೆಗೆ ಮೈನಸ್ 70ಕ್ಕೆ ಇಳಿದು ತುಂಬಾ ದುರ್ಬಲ ಆಗುತ್ತದೆ. ಅಡಾಪ್ಟರನ್ನು ಹಾಲಿನ ಪುಡಿ ಡಬ್ಬದೊಳಗೆ ಇಟ್ಟು ತಿರುಗಿಸಿದಾಗ ದಿಕ್ಕು ಸ್ವಲ್ಪ ಗೊತ್ತಾಯಿತು. ಆದರೆ ಯಾವ ವೈಫೈ ಹೆಸರು ಯಾವ ಪೋರ್ಟಿನದು ಅಂತ ಖಚಿತ ಮಾಡಿದ್ದು ಬೇರೆ ರೀತಿ: ಆ ಪೋರ್ಟಿನ ವೇಗವನ್ನು ಸ್ವಲ್ಪ ಹೊತ್ತು ಹಿಂಡಿ, ಗಾಳಿಯಲ್ಲಿ ಯಾವ ವೈಫೈ ಹೆಸರಿನ ಡೇಟಾ ಫ್ರೇಮ್‌ಗಳ (ಡೇಟಾ ತುಣುಕುಗಳ) ಸಂಖ್ಯೆ ಕುಸಿಯಿತು ಅಂತ ನೋಡಿದೆ. ಎಷ್ಟು ಹೊತ್ತು, ಯಾವ ಲಯದಲ್ಲಿ ಅನ್ನುವುದು ನನ್ನಲ್ಲೇ ಇರಲಿ. ಈಗ ಆ ವೆಂಡರೇ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಇಎಸ್‌ಪಿ8266 ಅನ್ನುವ ಪುಟ್ಟ ವೈಫೈ ಬೋರ್ಡ್‌ಗಳನ್ನೂ ಮೂಲೆಮೂಲೆಗೆ ಹಚ್ಚಿ ನೋಡಿದೆ. ಅಗ್ಗ, ಆದರೆ 5 ಗಿಗಾಹರ್ಟ್ಸ್ ಅವಕ್ಕೆ ಕೇಳಿಸುವುದೇ ಇಲ್ಲ. ಡಿಆಥ್ (ವೈಫೈ ಸಂಪರ್ಕ ಕಡಿದುಹಾಕುವ ಸಂಕೇತ) ಹೊಡೆಯಿರಿ ಅಂದವರೂ ಇದ್ದಾರೆ. ಬೇಡ, ಪಕ್ಕದವರದ್ದಕ್ಕೆ ಬಿದ್ದರೆ ಗ್ರಹಚಾರ. 2014ರಲ್ಲಿ ಅಮೆರಿಕದಲ್ಲಿ ಅತಿಥಿಗಳ ಹಾಟ್‌ಸ್ಪಾಟ್ ತಡೆದದ್ದಕ್ಕೆ ಮ್ಯಾರಿಯಟ್ ಹೋಟೆಲಿನವರು 6 ಲಕ್ಷ ಡಾಲರ್ ದಂಡ ಕಟ್ಟಿದರು. ನಮ್ಮ ಪೋರ್ಟ್ ನಾವು ಶಟ್ ಮಾಡಿದರೆ ಸಾಕು.

ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ (ಬೇಕಾದಂತೆ ಬದಲಿಸಬಹುದಾದ ಉಚಿತ ಸಾಫ್ಟ್‌ವೇರ್) ಹಾಕಿ ಟಿಟಿಎಲ್ ತಿದ್ದಿಬಿಟ್ಟರೆ ಈ ಆಟ ನಡೆಯುವುದಿಲ್ಲ, ನಿಜ. ಅಷ್ಟು ಗೊತ್ತಿರುವವನು ಶಾಪ್ ಫ್ಲೋರಿನಲ್ಲಿ ಸಿಕ್ಕರೆ ನಮ್ಮ ಐಟಿ ಟೀಮಿಗೇ ಎಳೆದುಕೊಳ್ಳುತ್ತೇನೆ.